ಇಂಗ್ಲಿಷ್ ಕಲಿತರೆ ಕನ್ನಡ ದೂರ ಆಗುತ್ತಾ?

ಪ್ರಶ್ನೆ: ಹತ್ತನೇ ತರಗತಿವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪೇಟೆಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಮಾಡುತ್ತಿದ್ದೇನೆ. ಇಂಗ್ಲಿಷ್ ಮಾತಾಡಿದರೆ ಕ್ಲಾಸಿನವರು ನನ್ನ ಉಚ್ಚಾರಕ್ಕೆ ನಗುತ್ತಾರೆ. ಮನೆಯಲ್ಲಿ ಮಾತಾಡಿದರೆ ಚಿಕ್ಕಪ್ಪ, ‘ಆಗಲೇ ನಮ್ಮ ಭಾಷೆ ಬ್ಯಾಡಾತೇನು?’ ಅನ್ನುತ್ತಾರೆ. ಕಲಿಯೋ ಆಸೆಯೇ ಹೋಗಿದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ನಿನ್ನಂಥ ಹುಡುಗಿಯರು ಪ್ರತಿ ವರ್ಷ ಕೊನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಬುದ್ಧಿಗೇನೂ ಕಡಿಮೆ ಇರಲಿಲ್ಲ. ‘ಇದು ನಮ್ಮಂಥವರ ಭಾಷೆ ಅಲ್ಲ’ ಅಂತ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿರುತ್ತಿದ್ದರು.

ಅಂಥ ಒಬ್ಬಳಿಗೆ, ‘ನಿಮ್ಮವ್ವ ರೊಟ್ಟಿ ಹೆಂಗೆ ಬಡೀತಾಳೆ, ಇಂಗ್ಲಿಷಿನಲ್ಲಿ ಹೇಳು ನೋಡೋಣ’ ಅಂದೆ. ಅಷ್ಟು ದಿನ ಬಾಯಿ ಬಿಡದವಳು ಎದ್ದು ನಿಂತಳು. ಜೋಳದ ಹಿಟ್ಟಿಗೆ ಗೋಧಿಯಷ್ಟು ಜಿಗುಟಿಲ್ಲ, ತಣ್ಣೀರಲ್ಲಿ ನಾದಿದರೆ ರೊಟ್ಟಿ ಬಿರಿಯುತ್ತೆ, ಅದಕ್ಕೇ ಕುದಿಯೋ ಎಸರು ಬೇಕು ಅಂತ ತಡವರಿಸುತ್ತಲೇ ಹೇಳಿದಳು. ‘ಎಸರು’ ಅನ್ನೋದಕ್ಕೆ ಪದ ಸಿಗಲಿಲ್ಲ. ಎಸರು ಅಂತಲೇ ಅಂದಳು. ಬಡಿಯೋದನ್ನು ಡೆಸ್ಕಿನ ಮೇಲೆ ಅಂಗೈಯಿಂದ ಬಡಿದೇ ತೋರಿಸಿದಳು. ವ್ಯಾಕರಣ ತಪ್ಪಿತ್ತು. ಯಾರೂ ನಗಲಿಲ್ಲ. ನೌಕರಿ ಸಿಗುತ್ತೆ, ಕಲಿ ಅಂತ ನಾನು ಎಷ್ಟು ಹೇಳಿದರೂ ಬಾರದ ಹುರುಪು ಅವಳಿಗೆ ಆವತ್ತು ಬಂತು.

ಚಿಕ್ಕಪ್ಪನ ಮೇಲೆ ಬೇಜಾರು ಬೇಡ. ನೀನು ಕೈತಪ್ಪಿ ಹೋಗುತ್ತೀಯ ಅನ್ನೋ ಭಯ ಅವರಿಗೆ. ವಿ.ಕೃ. ಗೋಕಾಕರ ವಿಷಯ ಹೇಳು. ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಅವರೇ. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಮೇಷ್ಟ್ರು! ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರೂ ಆಗಿದ್ದರು. ಆ ವರದಿ ಜಾರಿಯಾಗಲಿ ಅಂತ ಬೀದಿಗಿಳಿದ ಚಂದ್ರಶೇಖರ ಪಾಟೀಲರು, ನಮ್ಮ ಚಂಪಾ, ಧಾರವಾಡದಲ್ಲಿ ಪಾಠ ಮಾಡುತ್ತಿದ್ದದ್ದೂ ಇಂಗ್ಲಿಷೇ. ಇವರಿಗೇನು ಕನ್ನಡ ಬೇಡವಾಗಿತ್ತಾ?

ಇನ್ನು ಉಚ್ಚಾರ. ಬಸ್ಸು, ಪೆನ್ನು ಅಂತ ಕೊನೆಗೆ ಉಕಾರ ಸೇರಿಸೋದು ಕನ್ನಡದ ನಾಲಿಗೆಯ ರೂಢಿ. ಇಂಗ್ಲಿಷ್ ಮಾತಾಡುವಾಗ ಅದೊಂದನ್ನು ಬಿಡೋ ಅಭ್ಯಾಸ ಮಾಡು. ಮನೆಯಲ್ಲಿ ಬಸ್ಸು ಬಸ್ಸೇ ಆಗಿರಲಿ.

ಈ ಭಾನುವಾರ ಚಿಕ್ಕಪ್ಪನ ಜೊತೆ ಹೊಲಕ್ಕೆ ಹೋಗು. ಗೋವಿನಜೋಳಕ್ಕೆ ಬಿತ್ತನೆಯಿಂದ ಏನೇನು ಮಾಡುತ್ತಾರೆ ಕೇಳಿಕೋ. ರಾತ್ರಿ ಅದನ್ನೇ ಹತ್ತು ಸಾಲು ಇಂಗ್ಲಿಷಿನಲ್ಲಿ ಬರಿ. ಪದ ಸಿಗದ ಕಡೆ ಕನ್ನಡ ಪದವನ್ನೇ ಇಡು. ಆಮೇಲೆ ಚಿಕ್ಕಪ್ಪನಿಗೆ ಓದಿ ಅರ್ಥ ಹೇಳು. ಆ ಹತ್ತು ಸಾಲು ನನಗೂ ಕಳಿಸು, ಕಾಯುತ್ತಿರುತ್ತೇನೆ.