ಕಾರಿನ ಕ್ಯಾಬಿನ್ ಏರ್ ಫಿಲ್ಟರ್ ನಿಜವಾಗ್ಲೂ ಬೇಕಾ, ಎಷ್ಟು ದಿನಕ್ಕೆ ಚೇಂಜ್ ಮಾಡ್ಬೇಕು?

ಖಂಡಿತ ಬೇಕು. ಇಂಜಿನ್ ಏರ್ ಫಿಲ್ಟರ್ ಇಂಜಿನ್ನಿಗೆ, ಇದು ಒಳಗೆ ಕೂತಿರೋ ನಮ್ಮ ಶ್ವಾಸಕೋಶಕ್ಕೆ, ಎರಡೂ ಬೇರೆ ಬೇರೆ. ಎಸಿ ಅಥವಾ ಬ್ಲೋವರ್ ಹಾಕಿದಾಗ ಬರೋ ಗಾಳೀಲಿರೋ ಧೂಳು, ಹೂವಿನ ಪರಾಗ, ಒಂದಷ್ಟು ಹೊಗೆಯ ಕಣಗಳನ್ನ ಹಿಡಿಯುತ್ತೆ, ಕಾರ್ಬನ್ ಇರೋ ಫಿಲ್ಟರ್ ಆದ್ರೆ ವಾಸನೇನೂ ಸ್ವಲ್ಪ ಕಮ್ಮಿ ಮಾಡುತ್ತೆ.

ಸಾಮಾನ್ಯವಾಗಿ ವರ್ಷಕ್ಕೊಂದ್ಸಲ ಇಲ್ಲಾ 15,000 ಕಿ.ಮೀ. ಆಸುಪಾಸಲ್ಲಿ ಬದಲಾಯಿಸಿ, ನಿಮ್ಮ ಗಾಡಿ ಮ್ಯಾನುವಲ್ ಏನು ಹೇಳುತ್ತೋ ಅದೂ ನೋಡ್ಕೊಳ್ಳಿ. ಆದ್ರೆ ಬೆಂಗಳೂರಿನ ಔಟರ್ ರಿಂಗ್ ರೋಡ್ ಥರ ಮೆಟ್ರೋ ಕೆಲಸ ನಡೆಯೋ ಕಡೆ ದಿನಾ ಓಡಾಡೋರು ಇನ್ನೂ ಬೇಗ ತೆಗೆದು ನೋಡೋದು ಒಳ್ಳೇದು. ಬ್ಲೋವರ್ ಫುಲ್ ಇಟ್ರೂ ಸೌಂಡ್ ಜಾಸ್ತಿ ಗಾಳಿ ಕಮ್ಮಿ, ಎಸಿ ಹಾಕಿದ ತಕ್ಷಣ ಮುಗ್ಗಲು ವಾಸನೆ, ಮಳೇಲಿ ಗ್ಲಾಸ್ ಮೇಲಿನ ಮಂಜು ಬೇಗ ಹೋಗದೇ ಇರೋದು, ಹಿಂಗಾದ್ರೆ ಮೊದಲು ಫಿಲ್ಟರ್ ನೋಡಿ, ಆಮೇಲೆ ಎಸಿ ಗ್ಯಾಸ್ ತುಂಬ್ಸೋ ಮಾತು.

ಬಹಳಷ್ಟು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಕ್ಕೆ ಒತ್ತಿ ಇಳಿಸಿದ್ರೆ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತೆ, ಅದರೊಳಗೆ ಫಿಲ್ಟರ್. ನಿಧಾನಕ್ಕೆ ಎಳೀರಿ, ಮಡಿಕೆಗಳಲ್ಲಿ ಒಣ ಎಲೆ, ಸತ್ತ ಹುಳ ಇರುತ್ತೆ, ಫ್ಯಾನಿನೊಳಗೆ ಬೀಳಬಾರ್ದು. ಹೊಸದು ಹಾಕುವಾಗ ಏರ್ ಫ್ಲೋ ಬಾಣದ ಗುರುತು ಸರಿಯಾದ ದಿಕ್ಕಿಗಿದ್ಯಾ ನೋಡಿ.

ಮಾಮೂಲಿ ಫಿಲ್ಟರನ್ನ ದಯವಿಟ್ಟು ನೀರಲ್ಲಿ ತೊಳೀಬೇಡಿ, ಸಣ್ಣ ಕಣ ಹಿಡಿಯೋ ಶಕ್ತಿ ಹೋಗುತ್ತೆ, ಒದ್ದೆ ಉಳಿದ್ರೆ ಬೂಸ್ಟು ಬೇರೆ. ಮೆಲ್ಲಗೆ ತಟ್ಟಿ ಧೂಳು ಕೊಡವಬಹುದು, ಅದೂ ಹೊಸದು ತರೋವರೆಗೆ ಮಾತ್ರ.