ಬಿಎಸ್ಸಿ ಮ್ಯಾಥ್ಸ್‌ಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕಾ? ಟಿಐ ತಗೊಳ್ಳಲಾ, ಕ್ಯಾಸಿಯೊ ತಗೊಳ್ಳಲಾ?

ಸರ್, ಮಗ ಮಂಡ್ಯದಲ್ಲಿ ಪಿಯುಸಿ ಮುಗಿಸಿ ಬಿಎಸ್ಸಿ ಮ್ಯಾಥ್ಸ್‌ಗೆ ಮೈಸೂರಿಗೆ ಬರುತ್ತಿದ್ದಾನೆ, ಗ್ರಾಫಿಂಗ್ ಕ್ಯಾಲ್ಕುಲೇಟರ್ (ಸಮೀಕರಣ ಹಾಕಿದರೆ ಪರದೆ ಮೇಲೆ ಗ್ರಾಫ್ ಬಿಡಿಸುವಂಥದ್ದು) ಬೇಕೇ ಬೇಕು ಅಂತ ಯಾರೋ ಹೇಳಿದ್ದಾರೆ, ಯಾವುದು ಕೊಡಿಸಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಸಾದಾ ಸೈಂಟಿಫಿಕ್ ಒಂದು ಕೊಡಿಸಿ, ಸಾಕು.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವಾಗ ಅಮೆರಿಕದಲ್ಲಿದ್ದ ಚಿಕ್ಕಪ್ಪನ ಮಗನನ್ನು ಕಾಡಿ ಬೇಡಿ ಟಿಐ, ಅಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗ್ರಾಫಿಂಗ್ ಕ್ಯಾಲ್ಕುಲೇಟರ್ ಟಿಐ-84 ಪ್ಲಸ್ ತರಿಸಿಕೊಂಡಿದ್ದೆ. ಹಾಸ್ಟೆಲ್‌ನಲ್ಲಿ ಒಂದು ವಾರ ನಾನೇ ಹೀರೋ. ಮೊದಲ ಇಂಟರ್ನಲ್ಸ್ ದಿನ ರೂಮಿಗೆ ಬಂದ ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದ್ರಲ್ಲಿ ಪ್ರೋಗ್ರಾಂ ಬರೀಬಹುದಲ್ವೇನಯ್ಯಾ?’ ಅಂದವರೇ ತಗೊಂಡು ಟೇಬಲ್ ಮೇಲೆ ಇಟ್ಟುಕೊಂಡರು. ತಪ್ಪು ಅವರದಲ್ಲ, ವಿಟಿಯು ಪರೀಕ್ಷೆಗೆ ಪ್ರೋಗ್ರಾಂ ಹಾಕಲಾಗದ ಕ್ಯಾಲ್ಕುಲೇಟರ್ ಮಾತ್ರ ಒಯ್ಯಬೇಕು. ಅವತ್ತು ನ್ಯೂಟನ್-ರಾಫ್ಸನ್ ಲೆಕ್ಕವನ್ನೆಲ್ಲ (ಸಮೀಕರಣದ ಉತ್ತರಕ್ಕೆ ಹಂತಹಂತವಾಗಿ ಹತ್ತಿರ ಹೋಗುವ ವಿಧಾನ) ಕೈಯಲ್ಲೇ ಗುಣಿಸಿ ಭಾಗಿಸಿ ಸಾಕಾಗಿ ಹೋಯಿತು.

ನಮ್ಮ ಕಡೆಯ ಪರೀಕ್ಷೆಗಳೆಲ್ಲ ಹೀಗೇ. ಸಿಇಟಿ, ಜೆಇಇಗೆ ಯಾವ ಕ್ಯಾಲ್ಕುಲೇಟರೂ ಇಲ್ಲ. ಎಂಟೆಕ್, ಎಂಎಸ್ಸಿಯಂಥ ಮುಂದಿನ ಓದಿಗೆ ಗೇಟ್ ಪರೀಕ್ಷೆ ಬರೆದರೆ ಕಂಪ್ಯೂಟರ್ ಪರದೆ ಮೇಲೇ ಒಂದು ಕೊಡುತ್ತಾರೆ, ಮೌಸ್‌ನಲ್ಲಿ ಒತ್ತಬೇಕು. ಬಿಎಸ್ಸಿಯಲ್ಲಂತೂ ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ ಬಂತು ಅಂದರೆ ಬರೀ ಪ್ರೂಫ್, ಅಲ್ಲಿ ಒತ್ತುವುದಕ್ಕೆ ಏನಿರುತ್ತದೆ?

ಹಾಗಂತ ಅದು ಕೆಟ್ಟ ವಸ್ತು ಅಲ್ಲ. ನಾನು ರಜೆಯಲ್ಲಿ ಊರಿಗೆ ಹೋದಾಗ ಕೆಆರ್‌ಎಸ್ ನೀರಿನ ಮಟ್ಟವನ್ನು ಪೇಪರ್ ನೋಡಿ ಹನ್ನೆರಡು ದಿನ ಬರೆದಿಟ್ಟು, ಅಷ್ಟನ್ನೂ ಟಿಐನಲ್ಲಿ ಹಾಕಿ ಕ್ಯೂಬಿಕ್ ರಿಗ್ರೆಶನ್ ಮಾಡಿದೆ, ಅಂದರೆ ಚುಕ್ಕಿಗಳಿಗೆ ಆದಷ್ಟು ಹೊಂದುವ ಎಕ್ಸ್ ಘನದವರೆಗಿನ ಬಾಗಿದ ಗೆರೆ ಹುಡುಕಿದೆ. ಗೆರೆ ಚುಕ್ಕಿಗಳ ಮೇಲೆ ಅಚ್ಚುಕಟ್ಟಾಗಿ ಕೂತಿತು. ಖುಷಿಯಲ್ಲಿ ಮುಂದಿನ ವಾರಕ್ಕೆ ಎಳೆದು ನೋಡಿದರೆ 140 ಅಡಿ! ಕಟ್ಟೆ ತುಂಬುವುದೇ 124.80 ಅಡಿಗೆ. ಅಪ್ಪ ಇಣುಕಿ ನೋಡಿ, ‘ಹಂಗಾರೆ ನಮ್ಮೂರೂ ಮುಳುಗ್ತದೆ ಬುಡು’ ಅಂದರು. ಇದ್ದ ಚುಕ್ಕಿಗಳಿಗೆ ಹೊಂದುವ ಗೆರೆಯನ್ನು ನಂಬಿ ಮುಂದಕ್ಕೆ ಹೋಗಬಾರದು ಅನ್ನುವುದು ಆವತ್ತು ಹತ್ತಿದ ಹಾಗೆ ಕ್ಲಾಸಿನಲ್ಲಿ ಯಾವತ್ತೂ ಹತ್ತಲಿಲ್ಲ.

ಆದರೆ ಈಗ ಇದೇ ಕೆಲಸ ಮೊಬೈಲ್‌ನಲ್ಲಿ ಪುಕ್ಕಟೆ ಆಗುತ್ತದೆ. ಡೆಸ್ಮಾಸ್ ಅಥವಾ ಜಿಯೋಜೀಬ್ರಾ ಅನ್ನುವ ಗ್ರಾಫ್ ಬಿಡಿಸುವ ಆ್ಯಪ್ ಹಾಕಿಕೊಡಿ. ನಿಜ ಹೇಳಬೇಕು ಅಂದರೆ ಟಿಐಗಿಂತ ಚೆನ್ನಾಗಿಯೇ ಆಗುತ್ತದೆ. ನನ್ನ ಟಿಐ ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ ಅಷ್ಟೇ. ಅದು ಒಂದೊಂದು ಬೆಲೆ ಹಾಕಿ ಚುಕ್ಕಿ ಇಟ್ಟು, ಪಕ್ಕದ ಚುಕ್ಕಿಗೆ ಗೆರೆ ಸೇರಿಸುತ್ತದೆ, ಹಾಗಾಗಿ ಟ್ಯಾನ್ ಎಕ್ಸ್ ಹಾಕಿದರೆ ಅದಕ್ಕೆ ಬೆಲೆಯೇ ಇಲ್ಲದ ಜಾಗದಲ್ಲಿ (90 ಡಿಗ್ರಿಯಂಥ ಕಡೆ) ನೆಟ್ಟಗೆ ಒಂದು ಕಂಬ ಎದ್ದು ನಿಲ್ಲುತ್ತಿತ್ತು. ನಾನು ಆ ಕಂಬವನ್ನೂ ಗ್ರಾಫ್‌ನ ಭಾಗ ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ, ಪುಣ್ಯಾತ್ಮ.

ಸೈಂಟಿಫಿಕ್‌ನಲ್ಲಿ ಕ್ಯಾಸಿಯೊ 991 ಸಾಲಿನದ್ದು ತಗೊಳ್ಳಿ, ಎರಡು ಸಾವಿರದೊಳಗೆ ಮುಗಿಯುತ್ತದೆ. ಇಎಸ್ ಪ್ಲಸ್‌ನಲ್ಲಿ 3×3 ಮ್ಯಾಟ್ರಿಕ್ಸ್‌ವರೆಗೆ, ಇಎಕ್ಸ್‌ನಲ್ಲಿ 4×4. ಹೊಸದು ಸಿಡಬ್ಲ್ಯೂ, ಅದರ ಮೆನು ಪೂರ್ತಿ ಬೇರೆ, ಹಳೆಯದಕ್ಕೆ ಕೈ ಕೂತವರು ಮೊದಮೊದಲು ಬೈದುಕೊಳ್ಳುತ್ತಾರೆ. ಮಗ ಹೊಸಬ ಆದ್ದರಿಂದ ಅವನಿಗೆ ಯಾವುದಾದರೂ ಸರಿ. ದೇವರಾಜ ಅರಸು ರಸ್ತೆ ಕಡೆ ಬಂದಾಗ ಬಿಲ್, ವಾರಂಟಿ ಕಾರ್ಡ್ ಎರಡೂ ಕೇಳಿ ತಗೊಳ್ಳಿ.

ಗ್ರಾಫಿಂಗ್ ಬೇಕೇ ಬೇಕಾಗುವುದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಸಿಲಬಸ್ ಸ್ಕೂಲಿನ ಮಕ್ಕಳಿಗೆ. ಅವರಿಗೆ ಟಿಐ-84 ಪ್ಲಸ್ ಸಿಇ ಅಥವಾ ಕ್ಯಾಸಿಯೊ ಸಿಜಿ50, ಸ್ಕೂಲಲ್ಲಿ ಯಾವುದರಲ್ಲಿ ಹೇಳಿಕೊಡುತ್ತಾರೋ ಅದೇ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಬರೆಯುವವರಿಗೂ ಈಗ ಪರೀಕ್ಷೆಯ ಆ್ಯಪ್‌ನಲ್ಲೇ ಡೆಸ್ಮಾಸ್ ಇದೆ. ಇನ್ನು ಅಂಗಡಿಯವರು ಹೆಸರಲ್ಲಿ ‘ಕ್ಯಾಸ್’ ಇರುವುದನ್ನು ತೋರಿಸಿದರೆ ಹುಷಾರು. ಅದು ಇಂಟಿಗ್ರಲ್ ಅನ್ನು ಸೂತ್ರದ ರೂಪದಲ್ಲೇ ಬಿಡಿಸಿ ಕೊಡುತ್ತದೆ, ಅದಕ್ಕೇ ಎಸಿಟಿಯಂಥ (ಅದೂ ಅಮೆರಿಕದ ಕಾಲೇಜು ಪ್ರವೇಶದ್ದೇ) ಪರೀಕ್ಷೆಗೆ ಒಳಗೆ ಬಿಡುವುದಿಲ್ಲ.

ಒಂದು ಮಾತು ಮರೆತೆ. ನಾನು ಸಂಜೆ ಡಿಗ್ರಿ ಹುಡುಗರಿಗೆ ಪಾಠ ಹೇಳುತ್ತೇನೆ, ಪ್ರತಿ ವರ್ಷ ಒಬ್ಬರಾದರೂ ಕ್ಯಾಲ್ಕುಲೇಟರ್‌ನ ಕೋನದ ಅಳತೆಯನ್ನು ರೇಡಿಯನ್ ಬದಲು ಡಿಗ್ರಿಯಲ್ಲಿಟ್ಟು ಕ್ಯಾಲ್ಕುಲಸ್ ಮಾಡಿ ಉತ್ತರ ತಪ್ಪು ಬರೆದುಕೊಂಡು ಬರುತ್ತಾರೆ. ತಂದ ದಿನವೇ ಮಗನಿಗೆ ಸೈನ್ 30 ಒತ್ತಿ ನೋಡಲು ಹೇಳಿ. 0.5 ಬಂದರೆ ಡಿಗ್ರಿ, ಮೈನಸ್ 0.988 ಬಂದರೆ ರೇಡಿಯನ್.