ಓದುಗರ ಪ್ರಶ್ನೆಗಳು: ಗಿಟಾರಿಗೆ ಲಾಕ್ ಇರುವ ಬಹುಪಿನ್ ಕೇಬಲ್

ಪ್ರಶ್ನೆ: ನನ್ನ ಗಿಟಾರಿನಲ್ಲಿ ಆರೂ ತಂತಿಗಳ ನಾದವನ್ನು ಬೇರೆ ಬೇರೆಯಾಗಿ ಹಿಡಿಯುವ ಪಿಕಪ್ ಇದೆ. ಅದು ರೋಲ್ಯಾಂಡ್ ಮಾದರಿಯ 13 ಪಿನ್ನಿನ ಡಿನ್ (ದುಂಡಗಿನ ಪ್ಲಗ್ಗಿನ) ಕೇಬಲ್ ಮೂಲಕ ಸಿಂಥಸೈಜರಿಗೆ ಸೇರುತ್ತದೆ. ಕೊಂಡು ತಂದ ಕೇಬಲ್ಲುಗಳು ಕೆಲವೇ ತಿಂಗಳಲ್ಲಿ ಕೆಡುತ್ತಿವೆ. ಒಮ್ಮೆ ಮೂರನೆಯ ತಂತಿಯ ದನಿ ನಿಂತುಹೋಗುತ್ತದೆ, ಇನ್ನೊಮ್ಮೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಲಾಕ್ ಆಗುವ ಕನೆಕ್ಟರ್ ಹಾಕಿ ನಾನೇ ಕೇಬಲ್ ಮಾಡಿಕೊಂಡರೆ ತೊಂದರೆ ತೀರುತ್ತದೆಯೇ? ಯಾವ ಕನೆಕ್ಟರ್ ಒಳ್ಳೆಯದು?

ಉತ್ತರ: ಅರ್ಧದಷ್ಟು ತೀರುತ್ತದೆ. ಉಳಿದರ್ಧ ತೀರಬೇಕಾದರೆ ಕೇಬಲ್ ಎಲ್ಲಿ ಸೋಲುತ್ತಿದೆ ಎಂಬುದನ್ನು ಮೊದಲು ನೋಡಬೇಕು. ನೀವು ಹೇಳಿದ ಎರಡು ಲಕ್ಷಣಗಳು ಎರಡು ಬೇರೆ ಜಾಗಗಳನ್ನು ತೋರಿಸುತ್ತವೆ. ಈ ಕೇಬಲ್ಲಿನಲ್ಲಿ 1ರಿಂದ 6ರವರೆಗಿನ ಪಿನ್ನುಗಳು ಆರು ತಂತಿಗಳ ಸಿಗ್ನಲ್ಲನ್ನು ಒಯ್ಯುತ್ತವೆ. 7ನೆಯದು ಗಿಟಾರಿನ ಮಾಮೂಲಿ ಪಿಕಪ್ಪಿನದು. 8 ವಾಲ್ಯೂಮಿಗೆ, 10 ಮತ್ತು 11 ಸ್ವಿಚ್ಚುಗಳಿಗೆ ಮೀಸಲು. 12 ಮತ್ತು 13ರಲ್ಲಿ ಪಿಕಪ್ಪಿನ ಸರ್ಕ್ಯೂಟಿಗೆ ಬೇಕಾದ ಧನ ಹಾಗೂ ಋಣ 7 ವೋಲ್ಟ್ ವಿದ್ಯುತ್ ಬರುತ್ತದೆ. ಗ್ರೌಂಡ್ ಹೋಗುವುದು ಪ್ಲಗ್ಗಿನ ಲೋಹದ ಕವಚದ ಮೂಲಕ. ಮೂರನೆಯ ತಂತಿಯೊಂದೇ ನಿಂತರೆ 3ನೆಯ ಪಿನ್ನಿನ ವೈರು ಬೆಸುಗೆಯ ಬಳಿ ತುಂಡಾಗಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಆರೂ ಒಟ್ಟಿಗೆ ನಿಂತರೆ 12, 13 ಅಥವಾ ಕವಚದ ಸಂಪರ್ಕವನ್ನು ನೋಡಬೇಕು. ಪ್ಲಗ್ ಸಾಕೆಟ್ಟಿನಿಂದ ಒಂದೆರಡು ಮಿಲಿಮೀಟರ್ ಹೊರಬಂದಾಗ ಮೊದಲು ಸಡಿಲವಾಗುವುದು ಬಹಳ ಸಲ ಈ ಕವಚದ ಸಂಪರ್ಕವೇ.

ಲಾಕ್ ಪರಿಹರಿಸುವುದು ಈ ಎರಡನೆಯ ತೊಂದರೆಯನ್ನು ಮಾತ್ರ. ಮೊದಲನೆಯದನ್ನು ಅದು ಕೆಲವೊಮ್ಮೆ ಹೆಚ್ಚಿಸುತ್ತದೆ. ಲಾಕ್ ಇಲ್ಲದ ಪ್ಲಗ್ಗನ್ನು ಯಾರಾದರೂ ತುಳಿದು ಎಳೆದರೆ ಅದು ಕಳಚಿಕೊಂಡು ಹೊರಬರುತ್ತದೆ, ಅಲ್ಲಿಗೆ ಎಳೆತ ಮುಗಿಯಿತು. ಲಾಕ್ ಇದ್ದಾಗ ಪ್ಲಗ್ ಬರುವುದಿಲ್ಲ, ಆದರೆ ಎಳೆತ ಮಾಯವಾಗುವುದೂ ಇಲ್ಲ; ಅದು ಪ್ಲಗ್ಗಿನಲ್ಲಿ ಕೇಬಲ್ಲನ್ನು ಕಚ್ಚಿಕೊಳ್ಳುವ ಹಿಡಿಕೆಗೆ, ಅಲ್ಲಿಂದ ಬೆಸುಗೆಗೆ, ಅದೂ ತಡೆದರೆ ಗಿಟಾರಿನ ಮೈಯಲ್ಲಿ ಕೂರಿಸಿದ ಸಾಕೆಟ್ಟಿಗೆ ಹೋಗುತ್ತದೆ. ಆದ್ದರಿಂದ ಕನೆಕ್ಟರ್ ಆರಿಸುವ ಮೊದಲೇ ಈ ಎಳೆತ ಎಲ್ಲಿ ನಿಲ್ಲಬೇಕು ಎಂಬುದನ್ನು ನೀವು ನಿರ್ಧರಿಸಿಕೊಳ್ಳಬೇಕು. ನನ್ನ ಪ್ರಕಾರ ಅದು ನಿಲ್ಲಬೇಕಾದ ಜಾಗ ಗಿಟಾರನ್ನು ಹೆಗಲಿಗೆ ತೂಗುಹಾಕುವ ಪಟ್ಟಿಯ ಗುಂಡಿ, ಸಾಕೆಟ್ ಅಲ್ಲ. ಕೇಬಲ್ಲನ್ನು ಗಿಟಾರಿನ ಪಟ್ಟಿ ಮತ್ತು ಮೈಯ ನಡುವೆ ತೂರಿಸಿ, ಸಾಕೆಟ್ಟಿನವರೆಗಿನ ತುಣುಕನ್ನು ಸ್ವಲ್ಪ ಸಡಿಲವಾಗಿ ಬಿಟ್ಟರೆ, ಎಳೆದಾಗ ಬಿಗಿಯಾಗುವುದು ಪಟ್ಟಿಯೇ ಹೊರತು ಪ್ಲಗ್ ಅಲ್ಲ.

ಇನ್ನು ಕನೆಕ್ಟರಿನ ಆಯ್ಕೆ. 13 ಪಿನ್ನಿನ ಡಿನ್ ಪ್ಲಗ್ಗಿನ ಕವಚದ ವ್ಯಾಸ ಸುಮಾರು 13 ಮಿಲಿಮೀಟರ್ ಮಾತ್ರ, ಅಷ್ಟರೊಳಗೆ ಹದಿಮೂರು ಪಿನ್ನುಗಳು ಇರುತ್ತವೆ. ಲಾಕ್ ಇರುವ ಡಿನ್ ಪ್ಲಗ್ಗುಗಳು ಸಿಗುತ್ತವೆ. ಗಿಟಾರಿನ ಸಾಕೆಟ್ ಬದಲಾಯಿಸಲು ಮನಸ್ಸಿಲ್ಲದವರು ಅವುಗಳನ್ನೇ ಬಳಸಿ, ಹಿಡಿಕೆಯನ್ನು ಬಲಪಡಿಸಿಕೊಂಡರೆ ಸಾಕು. ಸಾಕೆಟ್ ಬದಲಾಯಿಸಲು ಸಿದ್ಧರಿರುವವರಿಗೆ ಎಳೆದು ಬಿಡಿಸುವ ಜಾತಿಯ ವೃತ್ತಾಕಾರದ ಕನೆಕ್ಟರನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಲೆಮೊ ಕಂಪನಿಯ ಬಿ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ಕೇಬಲ್ಲನ್ನು ಎಷ್ಟೇ ಎಳೆದರೂ ಲಾಕ್ ಬಿಡುವುದಿಲ್ಲ, ಹೊರಗಿನ ತೋಳನ್ನು ಬೆರಳಲ್ಲಿ ಹಿಡಿದು ಎಳೆದರೆ ಮಾತ್ರ ತಟ್ಟನೆ ಬಿಡುತ್ತದೆ, ಕತ್ತಲ ವೇದಿಕೆಯಲ್ಲೂ ಒಂದೇ ಕೈಯಲ್ಲಿ ಆಗುವ ಕೆಲಸ. ಕಾರ್ಖಾನೆಯ ಸೆನ್ಸರುಗಳಲ್ಲಿ ಬಳಸುವ ಎಂ12 ಕನೆಕ್ಟರುಗಳು 12 ಮತ್ತು 17 ಪಿನ್ನುಗಳಲ್ಲೂ ಇವೆ, ಬಹಳ ಗಟ್ಟಿ. ಆದರೆ ತಿರುಪು ಹಾಕಿ ಬಿಗಿಯಬೇಕಾದ್ದರಿಂದ ಹಾಡಿನ ನಡುವೆ ಗಿಟಾರ್ ಬದಲಾಯಿಸುವವರಿಗೆ ಹೊಂದುವುದಿಲ್ಲ. ಐದರಿಂದ ಏಳು ಪಿನ್ನು ಸಾಕಾಗುವವರು ಬೇರೆ ಏನನ್ನೂ ಹುಡುಕದೆ, ಮೈಕುಗಳಲ್ಲಿ ಬಳಸುವಂಥ ಲಾಕ್ ಇರುವ ದುಂಡು ಕನೆಕ್ಟರಾದ ಎಕ್ಸ್‌ಎಲ್‌ಆರ್ ತೆಗೆದುಕೊಳ್ಳಲಿ.

ಲಾಕ್ ಎರಡೂ ತುದಿಗೆ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗಿಟಾರಿನ ತುದಿಗೆ ಬೇಕು. ನೆಲದ ಮೇಲಿನ ಸಿಂಥಸೈಜರ್ ಘಟಕದ ತುದಿಗೆ ಲಾಕ್ ಹಾಕುವುದಾದರೆ ಕೇಬಲ್ಲನ್ನು ಪೆಡಲ್ ಹಲಗೆಗೆ ಒಂದು ಕ್ಲಿಪ್ಪಿನಿಂದ ಕಟ್ಟಿಹಾಕುವುದು ಕಡ್ಡಾಯ. ಇಲ್ಲವಾದರೆ ಒಂದು ಎಡವಿಗೆ ಘಟಕವೇ ನೆಲದ ಮೇಲೆ ಜಾರಿಕೊಂಡು ಬರುತ್ತದೆ.

ಪ್ರಶ್ನೆ: ಬಹುಪಿನ್ ಕೇಬಲ್ಲಿಗೆ ಯಾವ ವೈರು ತರಬೇಕು? ಮನೆಯಲ್ಲಿ ಉಳಿದಿರುವ ನೆಟ್‌ವರ್ಕ್ ಕೇಬಲ್ ಬಳಸಬಹುದೇ? ಕೆಲವು ಗಿಟಾರುಗಳಲ್ಲಿ ಅದನ್ನೇ ಬಳಸಿರುವುದನ್ನು ನೋಡಿದ್ದೇನೆ.

ಉತ್ತರ: ನೀವು ನೋಡಿರುವುದು ನಿಜ. ಲೈನ್ 6 ಕಂಪನಿಯ ವೇರಿಯಾಕ್ಸ್ ಗಿಟಾರುಗಳು ನೆಟ್‌ವರ್ಕ್ ಕೇಬಲ್ಲಿನಂಥ ಜೋಡಣೆಯನ್ನೇ ಬಳಸುತ್ತವೆ, ಅದಕ್ಕೆ ಲಾಕ್ ಇರುವ ಲೋಹದ ಕವಚವೂ ಸಿಗುತ್ತದೆ. ಆದರೆ ಅಲ್ಲಿ ಕೇಬಲ್ಲಿನಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್. ನಿಮ್ಮ ಕೇಬಲ್ಲಿನಲ್ಲಿ ಅನಲಾಗ್ ಸಿಗ್ನಲ್ ಹರಿಯುವುದಾದರೆ ಪಕ್ಕಪಕ್ಕದ ವೈರುಗಳು ಒಂದರ ದನಿಯನ್ನು ಇನ್ನೊಂದಕ್ಕೆ ದಾಟಿಸುತ್ತವೆ, ಒಂದು ತಂತಿ ಮೀಟಿದರೆ ಇನ್ನೊಂದರ ಚಾನಲ್ಲಿನಲ್ಲೂ ಸಣ್ಣಗೆ ಕೇಳಿಸುತ್ತದೆ.

ಇದು ಎಷ್ಟರಮಟ್ಟಿಗೆ ಆಗುತ್ತದೆ ಎಂಬುದು ಪಿಕಪ್ಪಿನ ಹಿಂದಿರುವ ಸರ್ಕ್ಯೂಟಿನ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕೋಣ. ಶೀಲ್ಡ್ (ವೈರಿಗೆ ಕಾವಲಾಗಿರುವ ಲೋಹದ ಹೊದಿಕೆ) ಇಲ್ಲದ ಎರಡು ಅಕ್ಕಪಕ್ಕದ ವೈರುಗಳ ನಡುವೆ ಮೀಟರಿಗೆ 50 ಪಿಕೋಫ್ಯಾರಡ್ ಕೆಪಾಸಿಟನ್ಸ್ (ವಿದ್ಯುತ್ ಕೂಡಿಡುವ ಗುಣ) ಇದೆ ಎಂದುಕೊಂಡರೆ 5 ಮೀಟರಿನ ಕೇಬಲ್ಲಿನಲ್ಲಿ ಅದು 250 ಆಗುತ್ತದೆ. 5 ಕಿಲೋಹರ್ಟ್ಸ್ ನಾದಕ್ಕೆ ಇದು ಸುಮಾರು 1,27,000 ಓಮ್‌ನ ತಡೆಯಂತೆ ವರ್ತಿಸುತ್ತದೆ. ಸಿಗ್ನಲ್ಲಿನ ಮೂಲದ ಪ್ರತಿರೋಧ 10,000 ಓಮ್ ಇದ್ದರೆ ಪಕ್ಕದ ಚಾನಲ್ಲಿಗೆ ಸೋರುವ ದನಿ ಮೂಲಕ್ಕಿಂತ 22 ಡೆಸಿಬಲ್ ಮಾತ್ರ ಕಡಿಮೆ ಇರುತ್ತದೆ, ಅದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಪಿಕಪ್ಪಿನ ಬಳಿಯೇ ಬಫರ್ (ಸಿಗ್ನಲ್ಲನ್ನು ಬಲಪಡಿಸುವ ಸರ್ಕ್ಯೂಟು) ಇದ್ದು ಮೂಲ 1,000 ಓಮ್‌ಗೆ ಇಳಿದರೆ ಅದೇ ಸೋರಿಕೆ 42 ಡೆಸಿಬಲ್ ಕೆಳಗೆ ಹೋಗುತ್ತದೆ. ರೋಲ್ಯಾಂಡ್ ಮಾದರಿಯ ಪಿಕಪ್ಪುಗಳಲ್ಲಿ ಕೇಬಲ್ಲಿಗೆ ಇಳಿಯುವ ಮೊದಲೇ ಸಿಗ್ನಲ್ಲನ್ನು ಸರ್ಕ್ಯೂಟು ಬಲಪಡಿಸುವುದರಿಂದ ಒಂದೇ ಹೊರ ಶೀಲ್ಡಿನ ಬಹುಕೋರ್ ಕೇಬಲ್ ಅಲ್ಲಿ ನಡೆಯುತ್ತದೆ. ಬಫರ್ ಇಲ್ಲದ ಪಿಕಪ್ಪುಗಳಿಗೆ ಪ್ರತಿ ಸಿಗ್ನಲ್ ವೈರಿಗೂ ಅದರದೇ ಶೀಲ್ಡ್ ಇರುವ ಕೇಬಲ್ ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಬಫರ್ ಇಲ್ಲದ ಪಿಕಪ್ಪಿಗೆ ಉದ್ದವೂ ಮುಖ್ಯ. 3 ಹೆನ್ರಿ ಇಂಡಕ್ಟನ್ಸ್ ಇರುವ ಒಂದು ಸಾಮಾನ್ಯ ಪಿಕಪ್ಪಿಗೆ ಮೀಟರಿಗೆ 100 ಪಿಕೋಫ್ಯಾರಡಿನ 5 ಮೀಟರ್ ಕೇಬಲ್ ಹಾಕಿದರೆ, ಸುರುಳಿಯದೇ ಆದ 100 ಪಿಕೋಫ್ಯಾರಡ್ ಸೇರಿ, ಅನುರಣನೆ (ಪಿಕಪ್ಪಿನ ದನಿ ಅತಿ ಜೋರಾಗುವ ಆವರ್ತನ) ಸುಮಾರು 3,750 ಹರ್ಟ್ಸ್‌ನಲ್ಲಿ ಬರುತ್ತದೆ. ಕೇಬಲ್ಲನ್ನು 10 ಮೀಟರಿಗೆ ಏರಿಸಿದರೆ ಅದು 2,770ರ ಸುತ್ತಮುತ್ತ ಇಳಿದು, ನಾದದ ಹೊಳಪು ಕುಂದುತ್ತದೆ.

ವೈರಿನ ಎಳೆಗಳ ಬಗ್ಗೆ: ಗೋಡೆಯೊಳಗೆ ಹಾಕುವ ನೆಟ್‌ವರ್ಕ್ ಕೇಬಲ್ಲಿನಲ್ಲಿ ಒಂಟಿ ತಾಮ್ರದ ಕಡ್ಡಿ ಇರುತ್ತದೆ, ಅದು ಮಡಿಚಿ ಬಿಚ್ಚುವುದನ್ನು ತಾಳುವುದಿಲ್ಲ. ಸಣ್ಣ ಎಳೆಗಳನ್ನು ಹೊಸೆದ ವೈರನ್ನೇ ತನ್ನಿ. ಡಿನ್ ಪ್ಲಗ್ಗಿಗೆ 26 ಅಥವಾ 28 ಗೇಜು (ವೈರಿನ ದಪ್ಪದ ಅಳತೆ; ಸಂಖ್ಯೆ ಹೆಚ್ಚಾದಷ್ಟು ವೈರು ತೆಳು) ಸರಿಹೋಗುತ್ತದೆ. 28 ಗೇಜಿನ ವೈರಿನ ಪ್ರತಿರೋಧ ಮೀಟರಿಗೆ 0.2 ಓಮ್‌ನಷ್ಟು ಮಾತ್ರ ಇರುವುದರಿಂದ ಪಿಕಪ್ಪಿಗೆ ಬೇಕಾದ ಅಲ್ಪ ವಿದ್ಯುತ್ತಿಗೆ ಅದು ಯಾವ ಅಡ್ಡಿಯನ್ನೂ ಮಾಡದು. ಗ್ರೌಂಡ್ ಮಾತ್ರ ದಪ್ಪವಾಗಿರಲಿ; ಎಲ್ಲ ಚಾನಲ್ಲುಗಳೂ ಮರಳುವ ದಾರಿ ಅದೊಂದೇ. ಶೀಲ್ಡ್ ನೇಯ್ದದ್ದಾಗಲಿ ಸುತ್ತಿದ್ದಾಗಲಿ ಆಗಬಹುದು. ಬರೀ ಅಲ್ಯುಮಿನಿಯಂ ಹಾಳೆಯ ಶೀಲ್ಡ್ ಪದೇಪದೇ ಬಾಗಿದರೆ ಬಿರುಕು ಬಿಡುತ್ತದೆ.

ಪ್ರಶ್ನೆ: ಹದಿಮೂರು ಪಿನ್ನಿನ ಪ್ಲಗ್ಗಿಗೆ ಬೆಸುಗೆ ಹಾಕುವಾಗ ಪಿನ್ನುಗಳು ವಾಲಿ, ಸಾಕೆಟ್ಟಿನೊಳಗೆ ಹೋಗದಂತಾಗುತ್ತವೆ. ಇದಕ್ಕೆ ಏನು ಮಾಡಬೇಕು?

ಉತ್ತರ: ಪಿನ್ನುಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುವುದೇ ಕಾರಣ. ಬೆಸುಗೆಗೆ ಕೂರುವ ಮೊದಲು ಒಂದು ಬಿಡಿ ಸಾಕೆಟ್ಟಿಗೆ ಪ್ಲಗ್ಗನ್ನು ಪೂರ್ತಿ ಸಿಕ್ಕಿಸಿ, ಸಾಕೆಟ್ಟನ್ನು ಸಣ್ಣ ವೈಸಿನಲ್ಲಿ (ಮೇಜಿಗೆ ಬಿಗಿಯುವ ಹಿಡಿತದ ಸಾಧನ) ಬಿಗಿಯಿರಿ. ಸಾಕೆಟ್ಟು ಪಿನ್ನುಗಳನ್ನು ನೇರವಾಗಿ ಹಿಡಿದಿಡುತ್ತದೆ, ಬಿಸಿಯಲ್ಲಿ ಒಂದಷ್ಟನ್ನು ತಾನೂ ಹೀರಿಕೊಳ್ಳುತ್ತದೆ. ಈ ಒಂದು ಕ್ರಮದಿಂದಲೇ ನಿಮ್ಮ ತೊಂದರೆಯ ಬಹುಪಾಲು ಹೋಗುತ್ತದೆ.

ಸೀಸ ಬೆರೆತ 63/37 ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಐರನ್ನಿನ ತುದಿ 330 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದೊಂದು ಪಿನ್ನಿಗೆ ಒಂದೆರಡು ಸೆಕೆಂಡು ಸಾಕು. ಬಿಸಿ ಕಡಿಮೆ ಇಟ್ಟು ಹೆಚ್ಚು ಹೊತ್ತು ಒತ್ತುವುದೇ ಪ್ಲಾಸ್ಟಿಕ್ಕಿಗೆ ಅಪಾಯ. ವೈರಿನ ತುದಿಯನ್ನು ಎರಡು ಮಿಲಿಮೀಟರಿನಷ್ಟು ಮಾತ್ರ ಸುಲಿಯಿರಿ, ಮೊದಲೇ ತೆಳುವಾಗಿ ಸೋಲ್ಡರ್ ಹಿಡಿಸಿ, ಪಿನ್ನಿನ ಬಟ್ಟಲಿಗೂ ಸ್ವಲ್ಪ ತುಂಬಿಟ್ಟುಕೊಂಡು, ಎರಡನ್ನೂ ಕರಗಿಸಿ ಕೂಡಿಸಿ. ನಡುವಿನ ಪಿನ್ನುಗಳಿಂದ ಆರಂಭಿಸಿ ಅಂಚಿನ ಕಡೆಗೆ ಬನ್ನಿ. ಪ್ರತಿ ವೈರಿಗೂ ಬಿಸಿಗೆ ಕುಗ್ಗಿ ಬಿಗಿಯಾಗುವ ಸಣ್ಣ ಹೀಟ್‌ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮುಂಚೆಯೇ ತೂರಿಸಿ, ಬಿಸಿ ತಾಗದಷ್ಟು ಹಿಂದಕ್ಕೆ ಸರಿಸಿಟ್ಟಿರಬೇಕು. ಹಿಡಿಕೆಯ ತಿರುಪು ಮುಚ್ಚಳವನ್ನೂ ಕೇಬಲ್ಲಿಗೆ ಮೊದಲೇ ಪೋಣಿಸಿರಬೇಕು. ಅದು ಮರೆತರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಸೋಲ್ಡರ್ ಕರಗಿದಾಗ ಎಳೆಗಳ ನಡುವೆ ಹೀರಿಕೊಂಡು ಇನ್ಸುಲೇಷನ್ನಿನ ಒಳಗೂ ಸ್ವಲ್ಪ ಏರುತ್ತದೆ. ಅದು ಏರಿದಷ್ಟು ದೂರ ಮೆತ್ತನೆಯ ವೈರು ಗಟ್ಟಿ ಕಡ್ಡಿಯಾಗುತ್ತದೆ, ಕಡ್ಡಿ ಮುಗಿದು ಮತ್ತೆ ಮೆತ್ತಗಾಗುವ ಗಡಿಯಲ್ಲಿ ಬಾಗು ಒತ್ತಟ್ಟಿಗೆ ಸೇರಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಬಹಳಷ್ಟು ಕೇಬಲ್ಲುಗಳು ಸಾಯುವುದು ಇದೇ ಗಡಿಯಲ್ಲಿ. ಆದ್ದರಿಂದ ಆ ಗಡಿ ಎಂದೂ ಬಾಗದ ಹಾಗೆ ನೋಡಿಕೊಳ್ಳಬೇಕು: ವೈರಿನ ಹೀಟ್‌ಶ್ರಿಂಕ್ ಅದನ್ನು ದಾಟಿ ಐದಾರು ಮಿಲಿಮೀಟರ್ ಹಿಂದಕ್ಕೆ ಬರಲಿ, ಕವಚದ ಹಿಡಿಕೆ ಕೇಬಲ್ಲಿನ ಹೊರಚರ್ಮವನ್ನು ಕಚ್ಚಿಕೊಳ್ಳಲಿ, ಒಳಗಿನ ವೈರುಗಳನ್ನಲ್ಲ, ಎಲ್ಲದರ ಮೇಲೆ ಒಳಗೆ ಅಂಟಿರುವ ಜಾತಿಯ ದಪ್ಪ ಹೀಟ್‌ಶ್ರಿಂಕ್ ಹಾಕಿ, ಅದರ ಮೇಲೆ ಎರಡನೆಯ ಪದರವನ್ನು ಇನ್ನೂ ಒಂದಿಷ್ಟು ಹಿಂದಕ್ಕೆ ಚಾಚಿ ಕೂರಿಸಿದರೆ ಬಿಗಿ ಹಂತಹಂತವಾಗಿ ಸಡಿಲಾಗುತ್ತದೆ. ಒಳಗಿನ ವೈರುಗಳಿಗೆ ತುಸು ಸಡಿಲ ಇರಲಿ. ಗ್ರೌಂಡಿನ ವೈರನ್ನು ಉಳಿದವಕ್ಕಿಂತ ಕೊಂಚ ಉದ್ದ ಬಿಡಿ, ಹಿಡಿಕೆ ಜಾರಿದರೆ ಕೊನೆಗೆ ಕಳಚುವುದು ಅದಾಗಬೇಕು.

ಪಿನ್ನಿನ ಸಂಖ್ಯೆಗಳನ್ನು ಓದುವಾಗ ಎಚ್ಚರ. ಬೆಸುಗೆಯ ಕಡೆಯಿಂದ ನೋಡಿದರೆ ಮುಂಭಾಗದ ಚಿತ್ರ ಎಡಬಲ ಬದಲಾಗಿ ಕಾಣುತ್ತದೆ. ಚಿತ್ರವನ್ನು ಬೆಸುಗೆಯ ಕಡೆಯಿಂದ ನೋಡಿದ ಹಾಗೆ ಬರೆದು ಮುಂದಿಟ್ಟುಕೊಂಡು, ಪ್ರತಿ ವೈರಿನ ಬಣ್ಣವನ್ನು ಅದರಲ್ಲೇ ಗುರುತಿಸಿ.

ಪ್ರಶ್ನೆ: ಚಿನ್ನದ ಲೇಪದ ಪಿನ್ನುಗಳು ಬೇಕೇ ಬೇಕೇ?

ಉತ್ತರ: ಬೇಕೇ ಬೇಕು ಎಂದಿಲ್ಲ. ಸಾಕೆಟ್ಟಿನಲ್ಲಿ ಚಿನ್ನವಿದ್ದರೆ ಪ್ಲಗ್ಗಿನಲ್ಲೂ ಚಿನ್ನವಿರಲಿ. ಚಿನ್ನಕ್ಕೆ ತವರ ತಾಗಿಸಿದ ಜೋಡಿ ಸೂಕ್ಷ್ಮ ಅಲುಗಾಟದಲ್ಲಿ ಬೇಗ ಕೆಡುತ್ತದೆ.

ಪ್ರಶ್ನೆ: ನಾನೇ ಮಾಡಿದ ಕೇಬಲ್ಲನ್ನು ಮೊದಲ ಬಾರಿ ಸಿಕ್ಕಿಸಲು ಭಯವಾಗುತ್ತಿದೆ. ತಪ್ಪಾಗಿದ್ದರೆ ಸಿಂಥಸೈಜರ್ ಸುಟ್ಟುಹೋಗುತ್ತದೆಯೇ?

ಉತ್ತರ: ಭಯಪಡುವುದು ಸರಿಯೇ, ಏಕೆಂದರೆ ಈ ಕೇಬಲ್ಲಿನಲ್ಲಿ ವಿದ್ಯುತ್ ಇದೆ. 12 ಮತ್ತು 13 ಒಂದಕ್ಕೊಂದು ತಾಗಿದ್ದರೆ, ಅಥವಾ ಅವುಗಳಲ್ಲಿ ಒಂದು ಕವಚಕ್ಕೆ ತಾಗಿದ್ದರೆ ಘಟಕದ ವಿದ್ಯುತ್ ಪೂರೈಕೆಗೆ ಪೆಟ್ಟಾಗಬಹುದು. ಅದಲುಬದಲಾಗಿದ್ದರೆ ಗಿಟಾರಿನ ಕಡೆಯ ಸರ್ಕ್ಯೂಟಿಗೆ ಅಪಾಯ. ಹಾಗಾಗಿ ಮಲ್ಟಿಮೀಟರ್ ಹಿಡಿದು ಎರಡು ಸುತ್ತು ಪರೀಕ್ಷೆ ಮಾಡಿ. ಮೊದಲ ಸುತ್ತಿನಲ್ಲಿ ಒಂದು ತುದಿಯ ಪ್ರತಿ ಪಿನ್ನಿನಿಂದ ಇನ್ನೊಂದು ತುದಿಯ ಅದೇ ಸಂಖ್ಯೆಯ ಪಿನ್ನಿಗೆ ಸಂಪರ್ಕ ಇದೆಯೇ ನೋಡಿ. ಎರಡನೆಯ ಸುತ್ತನ್ನು ಅನೇಕರು ಬಿಟ್ಟುಬಿಡುತ್ತಾರೆ: ಪ್ರತಿ ಪಿನ್ನಿನಿಂದ ಉಳಿದೆಲ್ಲ ಪಿನ್ನುಗಳಿಗೂ ಕವಚಕ್ಕೂ ಸಂಪರ್ಕ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹದಿಮೂರು ಪಿನ್ನುಗಳ ನಡುವೆಯೇ 78 ಜೋಡಿಗಳಾಗುತ್ತವೆ, ಬೇಸರದ ಕೆಲಸವೇ ಹೌದು. ಆದರೂ ಮಾಡಿ, ಮಾಡುವಾಗ ಪ್ಲಗ್ಗಿನ ಬುಡದಲ್ಲಿ ಕೇಬಲ್ಲನ್ನು ನಾಲ್ಕೂ ಕಡೆಗೆ ಬಾಗಿಸುತ್ತಿರಿ. ಬಾಗಿಸಿದಾಗ ಮಾತ್ರ ಕಾಣಿಸಿಕೊಳ್ಳುವ ತಪ್ಪು ವೇದಿಕೆಯ ಮೇಲೆ ಖಂಡಿತ ಕಾಣಿಸಿಕೊಳ್ಳುತ್ತದೆ. ಇಷ್ಟಾದ ಮೇಲೆ ಘಟಕವನ್ನು ಆಫ್ ಮಾಡಿ ಕೇಬಲ್ ಸಿಕ್ಕಿಸಿ, ಆಮೇಲೆ ಆನ್ ಮಾಡಿ. ಮುಂದೆಯೂ ಇದೇ ರೂಢಿ ಇರಲಿ.

ಪ್ರಶ್ನೆ: ನನ್ನ ಬೇಸ್ ಗಿಟಾರಿಗೆ ಸ್ಟೀರಿಯೋ ಸಿಗ್ನಲ್ ಮತ್ತು ವಿದ್ಯುತ್ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಕೊಡಬೇಕೆಂದಿದ್ದೇನೆ. 5 ಪಿನ್ನಿನ ಎಕ್ಸ್‌ಎಲ್‌ಆರ್ ಸಾಕಾಗುತ್ತದೆಯೇ?

ಉತ್ತರ: ಸಾಕಾಗುತ್ತದೆ. ಅಲೆಂಬಿಕ್ ಕಂಪನಿ ತನ್ನ ಸ್ಟೀರಿಯೋ ಗಿಟಾರು ಮತ್ತು ಬೇಸುಗಳಲ್ಲಿ ಹೊರಗಿನ ವಿದ್ಯುತ್ ಘಟಕದ ಜೊತೆ ಇದೇ ಕನೆಕ್ಟರನ್ನು ಬಳಸಿಕೊಂಡು ಬಂದಿದೆ. ಆದರೆ ವೇದಿಕೆಯ ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ ಕೇಬಲ್ಲಿಗೂ 5 ಪಿನ್ನಿನ ಎಕ್ಸ್‌ಎಲ್‌ಆರ್ ಇರುತ್ತದೆ, ಗಡಿಬಿಡಿಯಲ್ಲಿ ಯಾರಾದರೂ ಒಂದನ್ನು ಇನ್ನೊಂದಕ್ಕೆ ಸೇರಿಸಿಬಿಡಬಹುದು. ಎರಡೂ ತುದಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಸುತ್ತಿ, ಅದರ ಮೇಲೆ ಪಾರದರ್ಶಕ ಹೀಟ್‌ಶ್ರಿಂಕ್ ಹಾಕಿಡಿ. ಕೇಬಲ್ ಕತ್ತರಿಸುವಾಗ ಬೇಕಾದ ಉದ್ದಕ್ಕಿಂತ ಅರ್ಧ ಮೀಟರ್ ಹೆಚ್ಚೇ ಇಟ್ಟುಕೊಳ್ಳಿ. ಬುಡ ಸವೆದಾಗ ಐದಾರು ಸೆಂಟಿಮೀಟರ್ ಕತ್ತರಿಸಿ ಅದೇ ಕನೆಕ್ಟರನ್ನು ಮತ್ತೆ ಬೆಸೆಯಬಹುದು.